ನೋಯದ ಪಾದವನ್ನು ನೋಡುವ ಕ್ರಮ: ಮಧುಮೇಹಿಗಳ ಪಾದದ ಹುಣ್ಣನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮುಂಗಾಣುವುದು

ಮಧುಮೇಹವಿರುವವರು ತಿಂಗಳಿಗೊಮ್ಮೆ ಮಾತ್ರೆಗಾಗಿ ಆರೋಗ್ಯ ಕೇಂದ್ರಕ್ಕೆ ಬರುತ್ತಾರೆ, ಬೆರಳು ಚುಚ್ಚಿಸಿಕೊಂಡು ಸಕ್ಕರೆ ನೋಡಿಸುತ್ತಾರೆ, ರಕ್ತದೊತ್ತಡ ಅಳೆಸುತ್ತಾರೆ, ಚೀಟಿ ಹಿಡಿದು ಹೊರಡುತ್ತಾರೆ. ಅಷ್ಟೂ ಹೊತ್ತು ಅವರ ಪಾದಗಳು ಮೇಜಿನ ಕೆಳಗೇ ಇರುತ್ತವೆ. ಏನಾದರೂ ತೊಂದರೆಯಿದ್ದರೆ ಅವರೇ ಹೇಳುತ್ತಾರೆ ಎಂದು ವೈದ್ಯರು ಭಾವಿಸುತ್ತಾರೆ. ನೋವಿಲ್ಲದ ಮೇಲೆ ಹೇಳುವುದೇನಿದೆ ಎಂದು ಕಾಯಿಲೆಯವರು ಸುಮ್ಮನಿರುತ್ತಾರೆ. ಆದರೆ ಹುಣ್ಣಾಗುವ ಪಾದ ಬಹಳ ಸಲ ನೋಯುವುದೇ ಇಲ್ಲ, ಮತ್ತು ಅದು ನೋಯದಿರುವುದೇ ಅಪಾಯದ ಮೊದಲ ಗುರುತು. ಆದ್ದರಿಂದ ಪಾದವನ್ನು ಕೇಳಿ ತಿಳಿಯಲು ಆಗುವುದಿಲ್ಲ, ನೋಡಿ ಮುಟ್ಟಿಯೇ ತಿಳಿಯಬೇಕು. ಈ ಕೆಲಸಕ್ಕೆ ದೊಡ್ಡ ಆಸ್ಪತ್ರೆ ಬೇಕಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾದಾಗ, ನಮ್ಮ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ ಎಂಬ ಅಂದಾಜು ಹೊರಬಂತು. ಇಷ್ಟು ಜನರ ಪಾದಗಳನ್ನು ತಜ್ಞರೇ ನೋಡಬೇಕೆಂದರೆ ಆಗದ ಮಾತು. ಉಪಕೇಂದ್ರದ ಸಮುದಾಯ ಆರೋಗ್ಯಾಧಿಕಾರಿ, ಪ್ರಾಥಮಿಕ ಆರೋಗ್ಯ ಕೇಂದ್ರದ ದಾದಿ ಮತ್ತು ವೈದ್ಯರು, ನಗರಗಳ ‘ನಮ್ಮ ಕ್ಲಿನಿಕ್’ ಎಂಬ ಸರ್ಕಾರಿ ಚಿಕಿತ್ಸಾಲಯದವರು, ಮನೆ ಮನೆಗೆ ಹೋಗುವ ಆಶಾ ಕಾರ್ಯಕರ್ತೆ ಮತ್ತು ಮನೆಯವರು ಕೂಡಿ ಮಾಡಬೇಕಾದ ಕೆಲಸವಿದು. ಈ ಬರಹ ಅವರಿಗಾಗಿ, ಜೊತೆಗೆ ತಮ್ಮ ಪಾದವನ್ನು ಯಾರೂ ನೋಡುತ್ತಿಲ್ಲ ಎಂದು ಅನ್ನಿಸಿರುವ ಮಧುಮೇಹಿಗಳಿಗಾಗಿ.

ಹುಣ್ಣು ಹೇಗೆ ಹುಟ್ಟುತ್ತದೆ

ಹಲವು ವರ್ಷ ಸಕ್ಕರೆ ಹತೋಟಿ ತಪ್ಪಿದರೆ ಕಾಲಿನ ನರಗಳು ತುದಿಯಿಂದ ಮೇಲಕ್ಕೆ ಕ್ರಮೇಣ ಸೊರಗುತ್ತವೆ. ಸ್ಪರ್ಶ ತಿಳಿಸುವ ನರಗಳು ಸೊರಗಿದಾಗ ಮುಳ್ಳು, ಕಲ್ಲು, ಕಾದ ನೆಲ ಯಾವುದೂ ಗೊತ್ತಾಗುವುದಿಲ್ಲ. ಸ್ನಾಯುಗಳನ್ನು ಆಡಿಸುವ ನರಗಳು ಸೊರಗಿದಾಗ ಬೆರಳುಗಳು ಕೊಕ್ಕೆಯಂತೆ ಬಾಗಿ, ಅಂಗಾಲಿನ ಮುಂಭಾಗದ ಮೂಳೆಗಳು ಕೆಳಗೆ ಒತ್ತಿಕೊಳ್ಳುತ್ತವೆ. ಬೆವರು ಬರಿಸುವ ನರಗಳು ಸೊರಗಿದಾಗ ಚರ್ಮ ಒಣಗಿ ಬಿರಿಯುತ್ತದೆ. ಇದರ ಜೊತೆಗೆ ಕಾಲಿನ ರಕ್ತನಾಳಗಳೂ ಕಿರಿದಾಗಿದ್ದರೆ, ಆದ ಗಾಯಕ್ಕೆ ಮಾಯಲು ಬೇಕಾದ ರಕ್ತ ಸಿಗುವುದಿಲ್ಲ.

ಆದರೆ ಹೆಚ್ಚಿನ ಹುಣ್ಣುಗಳು ಒಂದೇ ದೊಡ್ಡ ಪೆಟ್ಟಿನಿಂದ ಆಗುವುದಿಲ್ಲ. ಒಂದೇ ಜಾಗದ ಮೇಲೆ ದಿನವಿಡೀ, ಪ್ರತಿ ಹೆಜ್ಜೆಗೂ ಬೀಳುವ ಸಣ್ಣ ಒತ್ತಡವೇ ಅವಕ್ಕೆ ಮೂಲ. ನರ ಸರಿಯಿದ್ದವರು ಆ ಜಾಗ ಉರಿಯತೊಡಗಿದೊಡನೆ ತಮಗೇ ತಿಳಿಯದಂತೆ ಕುಂಟಿಕೊಂಡು ಭಾರವನ್ನು ಬೇರೆಡೆಗೆ ಸರಿಸುತ್ತಾರೆ. ನರ ಸತ್ತವರು ಅದೇ ಜಾಗದ ಮೇಲೆಯೇ ನಡೆಯುತ್ತ ಹೋಗುತ್ತಾರೆ. ಈ ಅರಿವಿನ ಒಂದು ಮುಖ್ಯ ಬೇರು ನಮ್ಮ ನೆರೆಯ ತಮಿಳುನಾಡಿನಲ್ಲಿದೆ. 1946ರಲ್ಲಿ ವೆಲ್ಲೂರಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್, ಕುಷ್ಠರೋಗಿಗಳ ಕೈಕಾಲು ಕೊಳೆಯುವುದು ರೋಗದಿಂದಲೇ ಅಲ್ಲ, ನೋವು ತಿಳಿಯದೆ ಮತ್ತೆ ಮತ್ತೆ ಆಗುವ ಗಾಯದಿಂದ ಎಂದು ತೋರಿಸಿಕೊಟ್ಟರು. ಮುಂದೆ ಅಮೆರಿಕದ ಕಾರ್ವಿಲ್ಲಿನ ಕುಷ್ಠರೋಗ ಆಸ್ಪತ್ರೆಯಲ್ಲಿ ಅದೇ ತಿಳಿವಳಿಕೆಯನ್ನು ಅವರು ಮಧುಮೇಹಿಗಳ ಪಾದಕ್ಕೂ ಅನ್ವಯಿಸಿದರು. ಕುಷ್ಠರೋಗಿಗಳಿಗಾಗಿ ಬಳಕೆಗೆ ಬಂದ, ಎಂಸಿಆರ್ ಎಂದು ಕರೆಯುವ ಮೆತ್ತನೆಯ ರಬ್ಬರಿನ ಚಪ್ಪಲಿಯನ್ನೇ ಇಂದು ಮಧುಮೇಹಿಗಳಿಗೂ ಬರೆದುಕೊಡುತ್ತಾರೆ.

ಮೊದಲ ಹೆಜ್ಜೆ: ಕೇಳುವುದು

ಕಾಯಿಲೆಯವರನ್ನು ಕೂರಿಸಿ, ಕಾಲುಚೀಲ ಬಿಚ್ಚಿಸಿ, ಎರಡೂ ಪಾದಗಳು ಬೆಳಕಿಗೆ ಬರುವಂತೆ ಎತ್ತರದಲ್ಲಿ ಇರಿಸಿರಿ. ಸೀರೆ, ಪಂಚೆ ಅಥವಾ ಪ್ಯಾಂಟು ಮೊಣಕಾಲಿನವರೆಗೆ ಸರಿದಿರಲಿ. ಬಿಚ್ಚಿಸಿಕೊಳ್ಳುವ ಹೊತ್ತಿನಲ್ಲೇ ಕೇಳಬೇಕಾದ ಪ್ರಶ್ನೆಗಳು ಕೆಲವೇ ಇವೆ. ಹಿಂದೆಂದಾದರೂ ಪಾದದಲ್ಲಿ ಹುಣ್ಣಾಗಿತ್ತೇ? ಬೆರಳನ್ನೋ ಕಾಲನ್ನೋ ತೆಗೆಸಬೇಕಾಗಿ ಬಂದಿತ್ತೇ? ಮೂತ್ರಪಿಂಡದ ತೊಂದರೆಯಿದೆಯೇ, ಡಯಾಲಿಸಿಸ್ ನಡೆಯುತ್ತಿದೆಯೇ? ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿದು ನಿಲ್ಲಬೇಕಾಗುತ್ತದೆಯೇ, ನಿಂತರೆ ಸರಿಹೋಗುತ್ತದೆಯೇ? ಬೀಡಿ, ಸಿಗರೇಟು ಅಥವಾ ತಂಬಾಕಿನ ಅಭ್ಯಾಸವಿದೆಯೇ?

ಇವುಗಳಲ್ಲಿ ಮೊದಲ ಪ್ರಶ್ನೆಯ ತೂಕವೇ ಹೆಚ್ಚು. ಒಮ್ಮೆ ಹುಣ್ಣಾಗಿ ಮಾಯ್ದವರಲ್ಲಿ ಸುಮಾರು ಶೇ. 40ರಷ್ಟು ಜನರಿಗೆ ಒಂದು ವರ್ಷದೊಳಗೆ, ಸುಮಾರು ಶೇ. 65ರಷ್ಟು ಜನರಿಗೆ ಐದು ವರ್ಷದೊಳಗೆ ಮತ್ತೆ ಹುಣ್ಣಾಗುತ್ತದೆ. "ಅದು ಹೋದ ವರ್ಷದ ಮಾತು, ವಾಸಿಯಾಯಿತು" ಎಂದು ಅವರು ಹೇಳಿದರೂ, ಪಾದ ಎಷ್ಟೇ ಚೆನ್ನಾಗಿ ಕಂಡರೂ, ಅವರನ್ನು ಅತಿ ಹೆಚ್ಚಿನ ಅಪಾಯದ ಗುಂಪಿಗೇ ಸೇರಿಸಬೇಕು.

ಇನ್ನೊಂದು ಮಾತು ಕೇಳುವುದನ್ನು ಮರೆಯಬಾರದು: ಮನೆಯಲ್ಲಿ ಪಾದ ನೋಡುವವರು ಯಾರಿದ್ದಾರೆ? ಕಣ್ಣು ಮಂದವಾಗಿರುವ, ಬೊಜ್ಜಿನಿಂದಲೋ ಮಂಡಿನೋವಿನಿಂದಲೋ ಬಗ್ಗಲಾಗದ, ಒಂಟಿಯಾಗಿರುವ ಹಿರಿಯರಿಗೆ ತಮ್ಮ ಅಂಗಾಲು ಕಾಣುವುದೇ ಇಲ್ಲ.

ಎರಡನೆಯ ಹೆಜ್ಜೆ: ನೋಡುವುದು

ಅಂಗಾಲು, ಹಿಮ್ಮಡಿ, ಪಾದದ ಮೇಲ್ಭಾಗ, ಉಗುರುಗಳು, ಕೊನೆಗೆ ಒಂದೊಂದೇ ಬೆರಳನ್ನು ಅಗಲಿಸಿ ಸಂದುಗಳು, ಈ ಕ್ರಮವನ್ನು ರೂಢಿಸಿಕೊಂಡರೆ ಯಾವುದೂ ತಪ್ಪುವುದಿಲ್ಲ. ಸಂದಿನಲ್ಲಿ ಬೆಳ್ಳಗೆ ಮೆತ್ತಗಾದ ಚರ್ಮ ಕಂಡರೆ ಅದು ಬಹಳ ಸಲ ಶಿಲೀಂಧ್ರದ ಸೋಂಕು. ಗದ್ದೆಯ ಕೆಸರಿನಲ್ಲಿ, ಮಳೆಗಾಲದ ಒದ್ದೆಯಲ್ಲಿ ಕೆಲಸ ಮಾಡುವವರಲ್ಲಿ ಸಾಮಾನ್ಯ, ಮತ್ತು ಬ್ಯಾಕ್ಟೀರಿಯಾ ಒಳನುಗ್ಗಲು ಅದೇ ಬಾಗಿಲು.

ಹೆಚ್ಚು ಹೊತ್ತು ನಿಂತು ನೋಡಬೇಕಾದದ್ದು ಅಂಗಾಲಿನ ಗಟ್ಟಿ ಚರ್ಮ ಮತ್ತು ಆಣಿಗಳನ್ನು. ಜನ ಇದನ್ನು ದುಡಿದ ಕಾಲಿನ ಗುರುತು ಎಂದುಕೊಳ್ಳುತ್ತಾರೆ, ಆದರೆ ಸ್ಪರ್ಶ ಕಳೆದುಕೊಂಡ ಪಾದದಲ್ಲಿ ಗಟ್ಟಿ ಚರ್ಮವೆಂದರೆ ಒತ್ತಡ ಬೀಳುತ್ತಿರುವ ಜಾಗದ ನಕ್ಷೆ. ದಪ್ಪಗಾದಂತೆಲ್ಲ ಅದು ತಾನೇ ಒಳಗಿನ ಮಾಂಸವನ್ನು ಇನ್ನಷ್ಟು ಒತ್ತುತ್ತದೆ. ಹೆಬ್ಬೆರಳ ಬುಡದ ಕೆಳಗಿನ ಹಳದಿ ಬಣ್ಣದ ಗಟ್ಟಿ ಚರ್ಮವನ್ನು ಬೆಳಕಿಗೆ ಹಿಡಿದು ನೋಡಿದಾಗ ಅದರ ನಡುವೆ ಕಂದು ಅಥವಾ ಕಪ್ಪು ಚುಕ್ಕೆಯೊಂದು ಕಂಡರೆ, ಅದು ಕೊಳೆಯಲ್ಲ. ಒಳಗೆ ರಕ್ತ ಒಸರಿದೆ ಎಂದರ್ಥ. ಆ ಗಟ್ಟಿ ಚರ್ಮವನ್ನು ತರಬೇತಿ ಪಡೆದವರು ಹೆರೆದು ತೆಗೆದಾಗ ಕೆಳಗೆ ಹುಣ್ಣು ಆಗಲೇ ಇರುವುದುಂಟು. ಇಂಥ ಚುಕ್ಕೆ ಕಂಡವರನ್ನು ಹುಣ್ಣಾದವರಂತೆಯೇ ಕಾಣಬೇಕು. ಮನೆಯಲ್ಲಿ ಬ್ಲೇಡಿನಿಂದ ಆಣಿ ಕೊಯ್ದುಕೊಳ್ಳುವುದು, ಅಂಗಡಿಯಿಂದ ಆಣಿ ಪಟ್ಟಿ ತಂದು ಅಂಟಿಸುವುದು ಎರಡೂ ಬೇಡ. ಆ ಪಟ್ಟಿಯಲ್ಲಿರುವ ಆಮ್ಲ ಒಳ್ಳೆಯ ಚರ್ಮವನ್ನೂ ಸುಡುತ್ತದೆ, ಸುಟ್ಟದ್ದು ಅವರಿಗೆ ತಿಳಿಯುವುದಿಲ್ಲ.

ಮದುವೆಯಾದ ಹೆಂಗಸರಲ್ಲಿ ಕಾಲುಂಗುರದ ಕೆಳಗೂ ನೋಡಬೇಕು. ಪಾದ ಊದಿಕೊಂಡಾಗ ಉಂಗುರ ಬೆರಳನ್ನು ಕತ್ತರಿಸುವಷ್ಟು ಬಿಗಿಯುತ್ತದೆ, ಅದರಡಿಯ ಗಾಯ ಮೇಲಿನಿಂದ ಕಾಣುವುದಿಲ್ಲ. ಕಾಲುಂಗುರ ತೆಗೆಯಿರಿ ಎಂದು ಒಂದೇ ಮಾತಿನಲ್ಲಿ ಹೇಳಿದರೆ ಬಹಳ ಹೆಂಗಸರು ಒಪ್ಪುವುದಿಲ್ಲ, ಒಪ್ಪದಿರುವುದು ಸಹಜವೂ ಹೌದು. ಸಡಿಲವಾದ, ತುದಿ ತೆರೆದಿರುವ ಉಂಗುರಕ್ಕೆ ಬದಲಿಸಿಕೊಳ್ಳಲು ಹೇಳಿ, ಊತವಿರುವಷ್ಟು ದಿನ ತೆಗೆದಿಡುವಂತೆ ಮನೆಯ ಹಿರಿಯರ ಎದುರಿನಲ್ಲೇ ವಿವರಿಸಿದರೆ ಮಾತು ನಾಟುತ್ತದೆ.

ಒಂದು ಪಾದ ಮಾತ್ರ ಕೆಂಪಗೆ, ಬಿಸಿಯಾಗಿ, ಊದಿಕೊಂಡಿದ್ದು ಗಾಯವೇನೂ ಕಾಣದಿದ್ದರೆ, ಉಳುಕು ಎಂದು ಎಣ್ಣೆ ತಿಕ್ಕಿಸಿ ಕಳುಹಿಸಬಾರದು. ನರ ಸೊರಗಿದ ಪಾದದಲ್ಲಿ ಮೂಳೆಗಳೇ ಕುಸಿಯುವ ಶಾರ್ಕೋ ಪಾದ ಎಂಬ ಸ್ಥಿತಿ ಹೀಗೆಯೇ ಮೊದಲಾಗುತ್ತದೆ. ಆರಂಭದಲ್ಲಿ ಎಕ್ಸ್‌ರೇ ಸರಿಯಾಗಿಯೇ ಕಾಣಬಹುದು. ಅಲ್ಲವೆಂದು ತಜ್ಞರು ಹೇಳುವವರೆಗೆ ಆ ಕಾಲಿನ ಮೇಲೆ ಭಾರ ಹಾಕದಂತೆ ತಡೆದು, ಕೂಡಲೇ ಕಳುಹಿಸಬೇಕು. ಕೆಲವು ವಾರಗಳ ನಿರ್ಲಕ್ಷ್ಯದಲ್ಲಿ ಪಾದದ ಕಮಾನು ತಲೆಕೆಳಗಾಗಿ, ಜೀವನಪರ್ಯಂತ ಹುಣ್ಣಾಗುವ ಆಕಾರಕ್ಕೆ ತಿರುಗುತ್ತದೆ.

ಮೂರನೆಯ ಹೆಜ್ಜೆ: ಸ್ಪರ್ಶ ಪರೀಕ್ಷೆ

ಇದಕ್ಕೆ ಬೇಕಾದ ಸಾಧನ 10 ಗ್ರಾಂ ಮೋನೋಫಿಲಮೆಂಟ್, ಅಂದರೆ ಹಿಡಿಯೊಂದರ ತುದಿಗೆ ಸಿಕ್ಕಿಸಿದ ನೈಲಾನ್ ಎಳೆ. ಚರ್ಮಕ್ಕೆ ಲಂಬವಾಗಿ ಒತ್ತಿದಾಗ ಅದು 10 ಗ್ರಾಂ ಒತ್ತಡಕ್ಕೆ ಬಾಗುತ್ತದೆ. ಮೊದಲು ಕಾಯಿಲೆಯವರ ಕೈಗೆ ಮುಟ್ಟಿಸಿ, ಹೇಗೆ ಅನ್ನಿಸುತ್ತದೆ ಎಂದು ತಿಳಿಸಿಕೊಡಿರಿ. ಆಮೇಲೆ ಕಣ್ಣು ಮುಚ್ಚಿಸಿ, ಪ್ರತಿ ಪಾದದ ಮೂರು ಜಾಗಗಳಲ್ಲಿ ಪರೀಕ್ಷಿಸಿರಿ: ಹೆಬ್ಬೆರಳಿನ ಅಡಿಭಾಗ, ಹೆಬ್ಬೆರಳ ಬುಡದ ಉಬ್ಬು, ಕಿರುಬೆರಳ ಬುಡದ ಉಬ್ಬು. ಎಳೆ ಬಾಗುವಷ್ಟು ಒತ್ತಿ ತೆಗೆಯಲು ಎರಡು ಸೆಕೆಂಡು ಸಾಕು. ಒಂದೊಂದು ಜಾಗಕ್ಕೂ ಮೂರು ಸಲ ಕೇಳಬೇಕು, ಅದರಲ್ಲಿ ಒಮ್ಮೆ ಮುಟ್ಟದೆಯೇ "ಈಗ ತಿಳಿಯಿತೇ?" ಎಂದು ಕೇಳಬೇಕು, ಏಕೆಂದರೆ ವೈದ್ಯರಿಗೆ ಬೇಸರವಾಗಬಾರದೆಂದು ಎಲ್ಲಕ್ಕೂ ಹೌದೆನ್ನುವವರು ನಮ್ಮಲ್ಲಿ ಬಹಳ. ಮೂರರಲ್ಲಿ ಎರಡು ಉತ್ತರ ಸರಿಯಿದ್ದರೆ ಆ ಜಾಗದಲ್ಲಿ ಸ್ಪರ್ಶವಿದೆ, ಎರಡು ತಪ್ಪಾದರೆ ಇಲ್ಲ. ಒಂದು ಜಾಗದಲ್ಲಿ ಸ್ಪರ್ಶ ಹೋಗಿದ್ದರೂ ಆ ಪಾದ ಅಪಾಯದ ಪಾದವೇ. ಗಟ್ಟಿ ಚರ್ಮದ ಮೇಲೆ, ಹುಣ್ಣಿನ ಮೇಲೆ ಒತ್ತಬಾರದು.

ಈ ಎಳೆ ದಣಿಯುತ್ತದೆ ಎಂಬುದು ಎಷ್ಟೋ ಕೇಂದ್ರಗಳಲ್ಲಿ ಗಮನಕ್ಕೆ ಬರುವುದಿಲ್ಲ. ಒಂದೇ ದಿನ 10ರಿಂದ 15 ಜನರನ್ನು ನೋಡಿದ ಮೇಲೆ ಅದಕ್ಕೆ 24 ಗಂಟೆ ಬಿಡುವು ಕೊಡಬೇಕು, 70ರಿಂದ 90 ಜನರಾದ ಮೇಲೆ ಬದಲಿಸಬೇಕು. ಶಿಬಿರದಲ್ಲಿ ಒಂದೇ ಎಳೆಯಿಂದ ದಿನವಿಡೀ ನೂರಾರು ಜನರನ್ನು ಪರೀಕ್ಷಿಸಿದರೆ ಸಿಗುವ ಉತ್ತರವನ್ನು ನಂಬಲಾಗದು. ತಟ್ಟಿದರೆ ಕಂಪಿಸುವ 128 ಹರ್ಟ್ಸ್ ಟ್ಯೂನಿಂಗ್ ಫೋರ್ಕ್ ಇದ್ದರೆ ಹೆಬ್ಬೆರಳ ತುದಿಯ ಮೂಳೆಯ ಮೇಲಿಟ್ಟು ಕಂಪನ ತಿಳಿಯುತ್ತದೆಯೇ ಎಂದೂ ನೋಡಬಹುದು.

ಯಾವ ಸಾಧನವೂ ಇಲ್ಲದಿದ್ದರೆ ಬೆರಳೇ ಸಾಕು. ಇಂಗ್ಲೆಂಡಿನ ಇಪ್ಸ್‌ವಿಚ್‌ನ ವೈದ್ಯರು ರೂಪಿಸಿದ ವಿಧಾನದಲ್ಲಿ, ಕಣ್ಣು ಮುಚ್ಚಿಸಿ, ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು ಮತ್ತು ಕಿರುಬೆರಳ ತುದಿಯನ್ನು ತೋರುಬೆರಳಿನಿಂದ ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟುತ್ತಾರೆ. ಒತ್ತುವುದಾಗಲಿ, ಸವರುವುದಾಗಲಿ, ತಟ್ಟುವುದಾಗಲಿ ಕೂಡದು. ಆರು ಬೆರಳುಗಳಲ್ಲಿ ಎರಡು ಅಥವಾ ಹೆಚ್ಚು ಕಡೆ ತಿಳಿಯದಿದ್ದರೆ ಸ್ಪರ್ಶ ಕುಂದಿದೆ ಎಂದರ್ಥ. ಆಶಾ ಕಾರ್ಯಕರ್ತೆ ಮನೆಯಂಗಳದಲ್ಲೇ ಇದನ್ನು ಮಾಡಬಹುದು, ಮಗಳೋ ಮೊಮ್ಮಗನೋ ಮಾಡಬಹುದು. ಪಾದದ ಮರಗಟ್ಟುವಿಕೆಗೆ ಮಧುಮೇಹವೊಂದೇ ಕಾರಣವಲ್ಲ. ಬಿ12 ಕೊರತೆ, ಮದ್ಯಪಾನ ಮತ್ತು ಕುಷ್ಠರೋಗವನ್ನೂ ವೈದ್ಯರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮಧುಮೇಹದ ಮಾತ್ರೆಯಾದ ಮೆಟ್‌ಫಾರ್ಮಿನ್ ಅನ್ನು ವರ್ಷಗಟ್ಟಲೆ ತೆಗೆದುಕೊಳ್ಳುತ್ತಿರುವವರಲ್ಲಿ ಬಿ12 ಕಡಿಮೆಯಾಗುವುದುಂಟು.

ನಾಲ್ಕನೆಯ ಹೆಜ್ಜೆ: ನಾಡಿ

ಪಾದದಲ್ಲಿ ಎರಡು ನಾಡಿಗಳನ್ನು ಹುಡುಕಬೇಕು. ಹೆಬ್ಬೆರಳನ್ನು ಮೇಲಕ್ಕೆತ್ತಲು ಹೇಳಿದಾಗ ಪಾದದ ಮೇಲೆ ಒಂದು ನುಲಿ ಎದ್ದು ಕಾಣುತ್ತದೆ. ಅದರ ಹೊರಬದಿಯಲ್ಲಿ, ಪಾದದ ನಡುಭಾಗದಲ್ಲಿ ಒಂದು ನಾಡಿ ಸಿಗುತ್ತದೆ. ಇನ್ನೊಂದು ಒಳಬದಿಯ ಹರಡಿನ ಹಿಂದೆ, ತುಸು ಕೆಳಗೆ. ಗಟ್ಟಿಯಾಗಿ ಒತ್ತಿದರೆ ನಾಡಿ ಮುಚ್ಚಿಹೋಗುತ್ತದೆ, ಇಲ್ಲವೆ ನಿಮ್ಮ ಬೆರಳಿನ ಬಡಿತವೇ ಅವರದೆಂದು ತೋರುತ್ತದೆ, ಆದ್ದರಿಂದ ಅವರ ಮಣಿಕಟ್ಟಿನ ನಾಡಿಯೊಂದಿಗೆ ತಾಳೆ ನೋಡಿರಿ. ಪಾದದ ಮೇಲಿನ ನಾಡಿ ಕೆಲವು ಆರೋಗ್ಯವಂತರಲ್ಲೂ ಸಿಗುವುದಿಲ್ಲ. ಎರಡೂ ಸಿಗದಿದ್ದರೆ, ಅಥವಾ ಪಾದ ತಣ್ಣಗಿದ್ದು ನಡೆದಾಗ ಮೀನಖಂಡ ಹಿಡಿಯುತ್ತಿದ್ದರೆ, ರಕ್ತಸಂಚಾರ ನೋಡುವ ಡಾಪ್ಲರ್ ಪರೀಕ್ಷೆಗೆ ಕಳುಹಿಸಬೇಕು. ಕಣಕಾಲು ಮತ್ತು ತೋಳಿನ ರಕ್ತದೊತ್ತಡದ ಅನುಪಾತ 0.9ಕ್ಕಿಂತ ಕಡಿಮೆಯಿದ್ದರೆ ರಕ್ತನಾಳ ಕಿರಿದಾಗಿರುವ ಸಂಭವವಿದೆ. ಮಧುಮೇಹಿಗಳಲ್ಲಿ ರಕ್ತನಾಳದ ಗೋಡೆ ಸುಣ್ಣಗಟ್ಟಿ ಗಡುಸಾಗುವುದರಿಂದ ಅನುಪಾತ ಸರಿಯಾಗಿಯೋ ಹೆಚ್ಚಾಗಿಯೋ ಕಂಡರೂ ತೊಂದರೆ ಇಲ್ಲವೆಂದು ಹೇಳಿಬಿಡುವಂತಿಲ್ಲ.

ಐದನೆಯ ಹೆಜ್ಜೆ: ಗುಂಪು ನಿರ್ಧರಿಸಿ ದಿನಾಂಕ ಬರೆಯುವುದು

ಮಧುಮೇಹಿ ಪಾದದ ಅಂತರರಾಷ್ಟ್ರೀಯ ಕಾರ್ಯತಂಡ ನೀಡಿರುವ ವಿಂಗಡಣೆ ಸರಳವಾಗಿದೆ. ಸ್ಪರ್ಶವೂ ರಕ್ತಸಂಚಾರವೂ ಸರಿಯಿದ್ದರೆ ಅದು 0ನೆಯ ಗುಂಪು, ವರ್ಷಕ್ಕೊಮ್ಮೆ ನೋಡಿದರೆ ಸಾಕು. ಎರಡರಲ್ಲಿ ಒಂದು ಕೆಟ್ಟಿದ್ದರೆ 1ನೆಯ ಗುಂಪು, 6ರಿಂದ 12 ತಿಂಗಳಿಗೊಮ್ಮೆ. ಎರಡೂ ಕೆಟ್ಟಿದ್ದರೆ, ಅಥವಾ ಒಂದು ಕೆಟ್ಟಿದ್ದು ಜೊತೆಗೆ ಪಾದದ ಆಕಾರವೂ ಕೆಟ್ಟಿದ್ದರೆ 2ನೆಯ ಗುಂಪು, 3ರಿಂದ 6 ತಿಂಗಳಿಗೊಮ್ಮೆ. ಸ್ಪರ್ಶ ಅಥವಾ ರಕ್ತಸಂಚಾರ ಕೆಟ್ಟಿರುವುದರ ಜೊತೆಗೆ ಹಿಂದೆ ಹುಣ್ಣಾಗಿದ್ದರೆ, ಅಂಗಚ್ಛೇದನವಾಗಿದ್ದರೆ ಅಥವಾ ಮೂತ್ರಪಿಂಡ ಕೊನೆಯ ಹಂತಕ್ಕೆ ಸೋತಿದ್ದರೆ 3ನೆಯ ಗುಂಪು, 1ರಿಂದ 3 ತಿಂಗಳಿಗೊಮ್ಮೆ.

ಗುಂಪಿನ ಸಂಖ್ಯೆಯನ್ನೂ ಮುಂದಿನ ದಿನಾಂಕವನ್ನೂ ಕಾಯಿಲೆಯವರ ಚೀಟಿಯಲ್ಲೇ ದಪ್ಪಕ್ಷರದಲ್ಲಿ ಬರೆಯುವುದು ಕೇಂದ್ರದ ರಿಜಿಸ್ಟರಿನಲ್ಲಿ ಬರೆಯುವುದಕ್ಕಿಂತ ಮುಖ್ಯವೆಂದು ನನ್ನ ಅಭಿಪ್ರಾಯ, ಏಕೆಂದರೆ ವೈದ್ಯರು ವರ್ಗವಾಗಿ ಹೋಗುತ್ತಾರೆ, ಚೀಟಿ ಕಾಯಿಲೆಯವರ ಜೊತೆಯಲ್ಲೇ ಇರುತ್ತದೆ. 2 ಮತ್ತು 3ನೆಯ ಗುಂಪಿನವರನ್ನು ಒಮ್ಮೆಯಾದರೂ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಅಸಾಂಕ್ರಾಮಿಕ ರೋಗಗಳ ಕ್ಲಿನಿಕ್‌ಗೆ ಕಳುಹಿಸಬೇಕು. ಪಾದಚಿಕಿತ್ಸೆಗೆಂದೇ ವಿಭಾಗವಿರುವ ಸರ್ಕಾರಿ ಸಂಸ್ಥೆ ಬೆಂಗಳೂರಿನ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಅಂಡ್ ರಿಸರ್ಚ್.

ಮನೆಯಲ್ಲಿ ಪ್ರತಿದಿನ

ಸಂಜೆ ಕಾಲು ತೊಳೆದ ಮೇಲೆ ಅಂಗಾಲನ್ನು ನೋಡಿಕೊಳ್ಳುವುದು, ಕಾಣದಿದ್ದರೆ ನೆಲದ ಮೇಲೆ ಕನ್ನಡಿಯಿಟ್ಟು ನೋಡುವುದು ಅಥವಾ ಮನೆಯವರಿಂದ ನೋಡಿಸುವುದು ದಿನಚರಿಯಾಗಬೇಕು. ಬೆರಳ ಸಂದುಗಳನ್ನು ಒಣಗಿದ ಬಟ್ಟೆಯಿಂದ ಒತ್ತಿ ಒರೆಸಿ, ಉಳಿದ ಚರ್ಮಕ್ಕೆ ವ್ಯಾಸಲೀನ್ ಅಥವಾ ಕೊಬ್ಬರಿ ಎಣ್ಣೆ ಹಚ್ಚಿರಿ, ಸಂದಿಗೆ ಹಚ್ಚಬೇಡಿ. ಉಗುರನ್ನು ನೇರವಾಗಿ ಕತ್ತರಿಸಿ, ಮೂಲೆ ಕೊರೆಯಬೇಡಿ. ಜೋಮು ಹಿಡಿದ ಕಾಲಿಗೆ ಬಿಸಿನೀರಿನ ಶಾಖ ಕೊಡುವುದು, ಚಳಿಗಾಲದಲ್ಲಿ ಒಲೆಯ ಮುಂದೆ ಕಾಲು ಚಾಚುವುದು ಬೇಡ. ಸ್ನಾನದ ನೀರಿನ ಬಿಸಿಯನ್ನು ಕಾಲಿನಿಂದ ನೋಡದೆ, ಸ್ಪರ್ಶ ಸರಿಯಿರುವ ಮನೆಯವರ ಕೈಯಿಂದ ನೋಡಿಸಬೇಕು. ಇಲಿಗಳ ಕಾಟವಿರುವ ಮನೆಗಳಲ್ಲಿ ನೆಲದ ಮೇಲೆ ಬರಿಗಾಲಿನಲ್ಲಿ ಮಲಗಬೇಡಿ. ರಾತ್ರಿ ಇಲಿ ಕಡಿದದ್ದು ಬೆಳಿಗ್ಗೆ ರಕ್ತ ಕಂಡಾಗಲೇ ತಿಳಿಯುವ ಪ್ರಸಂಗಗಳು ನಮ್ಮ ದೇಶದಲ್ಲಿ ಅಪರೂಪವಲ್ಲ.

ಪಾದರಕ್ಷೆಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಹವಾಯಿ ಚಪ್ಪಲಿಯ ಪಟ್ಟಿ ಹೆಬ್ಬೆರಳ ಸಂದಿಯನ್ನು ಉಜ್ಜುತ್ತದೆ, ತೆಳುವಾದ ಅಟ್ಟೆಯನ್ನು ಮುಳ್ಳು ತೂರಿಕೊಂಡು ಬರುತ್ತದೆ, ಸ್ಪರ್ಶವಿಲ್ಲದ ಕಾಲಿನಿಂದ ಕಳಚಿ ಬಿದ್ದರೂ ತಿಳಿಯುವುದಿಲ್ಲ. ಹಿಂಬದಿಗೆ ಪಟ್ಟಿಯಿರುವ, ಮೇಲ್ಪಟ್ಟಿಗಳನ್ನು ಹಿಗ್ಗಿಸಿ ಕುಗ್ಗಿಸಬಹುದಾದ, ಒಳಗೆ ಎಂಸಿಆರ್ ಪದರವೂ ಹೊರಗೆ ಗಟ್ಟಿ ಅಟ್ಟೆಯೂ ಇರುವ ಚಪ್ಪಲಿ ಒಳ್ಳೆಯದು. ಶೂ ಆದರೆ ಒಳಗಿನ ಉದ್ದ ಪಾದಕ್ಕಿಂತ 1ರಿಂದ 2 ಸೆಂಟಿಮೀಟರ್ ಹೆಚ್ಚಿರಲಿ. ಪಾದ ಊದಿರುವ ಸಂಜೆ ಹೊತ್ತಿನಲ್ಲಿ ಕೊಳ್ಳಿರಿ. ಸ್ಪರ್ಶ ಕುಂದಿದವರಿಗೆ ಬಿಗಿಯಾದದ್ದೇ ಸರಿಯಾದ ಅಳತೆ ಎಂದು ಅನ್ನಿಸುವುದರಿಂದ, ಪಾದದ ಅಚ್ಚನ್ನು ಹಾಳೆಯ ಮೇಲೆ ಬರೆದು ಕತ್ತರಿಸಿ, ಆ ಹಾಳೆಯನ್ನು ಶೂ ಒಳಗೆ ಮಡಚದೆ ಇಡಲಾಗುತ್ತದೆಯೇ ಎಂದು ನೋಡಿ ಕೊಳ್ಳುವುದು ಲೇಸು. ಹೊಸದನ್ನು ಮೊದಲ ದಿನ ಒಂದು ಗಂಟೆಗಿಂತ ಹೆಚ್ಚು ಹಾಕದೆ, ಬಿಚ್ಚಿ ಕೆಂಪು ಗುರುತು ನೋಡಿ, ದಿನದಿನಕ್ಕೆ ಹೆಚ್ಚಿಸಿರಿ. ಹಾಕುವ ಮುನ್ನ ಕೊಡವಿ, ಒಳಗೆ ಕೈಯಾಡಿಸಿರಿ. ಮನೆಯೊಳಗೂ ಒಂದು ಜೊತೆ ಬೇರೆ ಚಪ್ಪಲಿ ಇರಲಿ.

ಬರಿಗಾಲಿನ ಹರಕೆಗಳ ವಿಷಯದಲ್ಲಿ ಆರೋಗ್ಯ ಸಿಬ್ಬಂದಿ ಸಂಕೋಚಪಡಬಾರದು. ಶಿವರಾತ್ರಿಗೆ ಧರ್ಮಸ್ಥಳಕ್ಕೆ ಪಾದಯಾತ್ರೆ ಹೊರಡುವವರಲ್ಲಿ, ಮಾಲೆ ಧರಿಸಿ ಶಬರಿಮಲೆಗೆ ಹೋಗುವವರಲ್ಲಿ ಮಧುಮೇಹಿಗಳೂ ಇರುತ್ತಾರೆ. 2 ಮತ್ತು 3ನೆಯ ಗುಂಪಿನವರಿಗೆ ಬರಿಗಾಲಿನ ನಡಿಗೆ ಬೇಡವೆಂದು ಸ್ಪಷ್ಟವಾಗಿ ಹೇಳಿ, ಹರಕೆಯನ್ನು ಬೇರೆ ಸೇವೆಯಾಗಿ ಸಲ್ಲಿಸುವ ಬಗ್ಗೆ ಮನೆಯವರೊಡನೆ ಮಾತಾಡಿರಿ. ದೇವಸ್ಥಾನದ ಪ್ರದಕ್ಷಿಣೆ ಕಲ್ಲು ಕಾಯುವ ಮೊದಲು, ಬೆಳಗಿನ ಜಾವದಲ್ಲಿ, ದಪ್ಪ ಹತ್ತಿಯ ಕಾಲುಚೀಲ ಹಾಕಿಕೊಂಡು ಆಗಲಿ.

ಹುಣ್ಣಾದರೆ

ಚಿಕ್ಕ ಗುಳ್ಳೆಯಾದರೂ ಅದೇ ದಿನ, ತಪ್ಪಿದರೆ ಮರುದಿನ ಆರೋಗ್ಯ ಕೇಂದ್ರಕ್ಕೆ ಬರಬೇಕು. ಅರಿಶಿಣ, ಕಾಫಿ ಪುಡಿ, ಸುಣ್ಣ, ಸೊಪ್ಪಿನ ರಸ ಹಾಕಬಾರದು. ಅವು ಹುಣ್ಣಿನ ಆಳವನ್ನು ಮುಚ್ಚಿಡುತ್ತವೆ. ಕೇಂದ್ರದಲ್ಲಿ ಸಲೈನಿನಿಂದ ತೊಳೆದು, ಅಳತೆಪಟ್ಟಿ ಪಕ್ಕದಲ್ಲಿಟ್ಟು ಫೋಟೋ ತೆಗೆದು, ಅಂಟದ ಶುದ್ಧ ಪಟ್ಟಿ ಕಟ್ಟಿ, ಧನುರ್ವಾಯು ಚುಚ್ಚುಮದ್ದು ಬಾಕಿಯಿದ್ದರೆ ಕೊಟ್ಟು, ತಜ್ಞರಿಗೆ ಕಳುಹಿಸಬೇಕು. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಸುರಿಯಬಾರದು. ಊತ, ಬಿಸಿ, ನೋವು, ಸುತ್ತಲಿನ ಕೆಂಪು, ಕೀವು ಇವುಗಳಲ್ಲಿ ಕನಿಷ್ಠ ಎರಡಾದರೂ ಇದ್ದಾಗ ಸೋಂಕು ಎನ್ನುತ್ತಾರೆ. ಸೋಂಕಿಲ್ಲದ ಹುಣ್ಣಿಗೆ ಆ್ಯಂಟಿಬಯೋಟಿಕ್ ಕೊಟ್ಟರೂ ಅದರಿಂದ ಹುಣ್ಣು ಬೇಗ ಮಾಯುವುದಿಲ್ಲ.

ಅಂಗಾಲಿನ ಹುಣ್ಣಿಗೆ ಮುಖ್ಯ ಔಷಧವೆಂದರೆ ಅದರ ಮೇಲೆ ಭಾರ ಬೀಳದಂತೆ ಮಾಡುವುದು. ಮೊಣಕಾಲಿನವರೆಗಿನ, ಬಿಚ್ಚಲಾಗದ ವಿಶೇಷ ಪ್ಲಾಸ್ಟರಿಗೆ ಸಮನಾದದ್ದು ಇಲ್ಲ, ಆದರೆ ರಕ್ತಸಂಚಾರ ನೋಡಿ ಅದನ್ನು ಹಾಕುವುದು ತರಬೇತಿ ಪಡೆದವರ ಕೆಲಸ. ಅದು ಸಿಗುವವರೆಗೆ ವಾಕರ್, ಊರುಗೋಲು, ಗಾಲಿಕುರ್ಚಿ, ವಿಶ್ರಾಂತಿ ಯಾವುದಾದರೂ ಸರಿ. ಪ್ರತಿದಿನ ಪಟ್ಟಿ ಬದಲಿಸಿಕೊಳ್ಳಲು ಕಾಯಿಲೆಯವರು ಅದೇ ಹುಣ್ಣಿನ ಮೇಲೆ ಒಂದೆರಡು ಮೈಲಿ ನಡೆದು ಬರುವುದನ್ನು ವ್ಯವಸ್ಥೆ ತಪ್ಪಿಸಲೇಬೇಕು. ಮನೆಯವರಿಗೆ ಪಟ್ಟಿ ಕಟ್ಟುವುದನ್ನು ಕಲಿಸಿಕೊಡುವುದು ಅದಕ್ಕಿಂತ ಮೇಲು.

ಪಾದ ಅಥವಾ ಬೆರಳು ಕಪ್ಪಾದರೆ, ಕೆಂಪು ಹುಣ್ಣಿನಂಚಿನಿಂದ 2 ಸೆಂಟಿಮೀಟರ್ ದಾಟಿ ಹರಡುತ್ತಿದ್ದರೆ, ಕೆಟ್ಟ ವಾಸನೆ, ಜ್ವರ, ನಡುಕ, ವಾಂತಿ ಅಥವಾ ಮಂಕು ಕಂಡರೆ, ಇಡೀ ಪಾದ ಏಕಾಏಕಿ ತಣ್ಣಗಾಗಿ ಬಿಳಿಚಿಕೊಂಡರೆ, ಗಂಟೆಗಳಲ್ಲಿ ಕಾಲು ಕಳೆದುಕೊಳ್ಳುವ ಸಂದರ್ಭವದು. 108ಕ್ಕೆ ಕರೆ ಮಾಡಿ, ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೇ ನೇರವಾಗಿ ಕರೆದೊಯ್ಯಬೇಕು, ಬೆಳಗಾಗಲಿ ಎಂದು ಕಾಯಬಾರದು. ಒಂದು ಪಾದದ ಹುಣ್ಣಿಗೆ ಚಿಕಿತ್ಸೆ ನಡೆಯುವಷ್ಟೂ ದಿನ ದೇಹದ ಭಾರವೆಲ್ಲ ಇನ್ನೊಂದರ ಮೇಲೆ ಬೀಳುತ್ತದೆ, ಆದ್ದರಿಂದ ಪ್ರತಿ ಸಲ ಪಟ್ಟಿ ಬದಲಿಸುವಾಗಲೂ ಆ ಇನ್ನೊಂದು ಪಾದದ ಕಾಲುಚೀಲವನ್ನೂ ಬಿಚ್ಚಿಸಿ ನೋಡಿರಿ.